ವೇದಿಕೆ ಮೇಲೆ ಏಳು ಜನ, ಕೆಳಗೆ ನಾಲ್ಕು

ಜಯನಗರದ ಕಡೆಯ ಒಂದು ಪುಟ್ಟ ಸೇವಾ ಕ್ಲಬ್‌ಗೆ ಸೇರಿ ವರ್ಷವಾಯಿತು, ಅದರ ರಿವ್ಯೂ ಇದು. ಸೇರಿದಾಗ ಇದ್ದದ್ದೇ 11 ಜನ. ಮೀಟಿಂಗ್ ಅಂದರೆ ಹಾರ, ಶಾಲು, ವೇದಿಕೆ ಮೇಲೆ ಏಳು ಜನ, ಕೇಳೋಕೆ ನಾವು ನಾಲ್ಕು! ಲಯನ್ಸ್ ಅನ್ನೋ ದೊಡ್ಡ ಸೇವಾ ಸಂಸ್ಥೆಯಲ್ಲಿ ಹೊಸ ಕ್ಲಬ್ ಶುರು ಮಾಡಲು ಕನಿಷ್ಠ 20 ಜನ ಬೇಕು, ನಡೀತಿದ್ದ ನಮ್ಮ ಕ್ಲಬ್ಬಲ್ಲೇ ಅಷ್ಟು ಜನ ಇರಲಿಲ್ಲ.

ಬದಲಾಗಿದ್ದು ಖಜಾಂಚಿ ಅಂಕಲ್‌ರಿಂದ. ಹೋಟೆಲ್ ಡಿನ್ನರ್ ನಿಲ್ಲಿಸಿದರು, ಮೀಟಿಂಗನ್ನು ಭಾನುವಾರ ಬೆಳಿಗ್ಗೆಗೆ ತಂದರು, ಚಂದಾ ಎರಡು ಕಂತಲ್ಲಿ ಕಟ್ಟಿ ಅಂದರು. ಮುಖ್ಯವಾಗಿ, ಹೊಸಬರನ್ನು ಭಾಷಣಕ್ಕೆ ಕರೆಯದೆ ನೇರ ಕೆಲಸಕ್ಕೆ ಕರೆದರು. ಸರ್ಕಾರಿ ಶಾಲೆಯ ಕಣ್ಣು ತಪಾಸಣೆಗೆ ಸುಮ್ನೆ ಸಹಾಯಕ್ಕೆಂದು ಬಂದ ಪಕ್ಕದ ಬೀದಿಯ ಹುಡುಗಿ, ಬೋರ್ಡ್ ಕಾಣದೆ ಮೊದಲ ಬೆಂಚಿಗೆ ಜಗಳವಾಡುತ್ತಿದ್ದ ಹುಡುಗನಿಗೆ ಕನ್ನಡಕ ಹಾಕಿಸಿ, ಅವನು ಕಿಟಕಿಯಾಚೆಯ ಮರದ ಎಲೆ ಎಣಿಸೋಕೆ ಶುರು ಮಾಡಿದ್ದು ನೋಡಿ ಅಲ್ಲೇ ಫಾರಂ ತುಂಬಿದಳು. ಈಗ 23 ಜನ ಇದ್ದೇವೆ.

ದೂರು? ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹೂವು ಜಾಸ್ತಿ. ಶಾಲು ಹೊದಿಸೋ ಚಟ ಇನ್ನೂ ಪೂರ್ತಿ ಹೋಗಿಲ್ಲ. ಐದಕ್ಕೆ ನಾಲ್ಕು ಸ್ಟಾರ್. ಸೇರುವ ಮೊದಲು ಒಂದು ಭಾನುವಾರ ಬಂದು ನೋಡಿ, ಕಾಫಿ ಚೆನ್ನಾಗಿರುತ್ತೆ.