ಮೊದಲ ಬಾರಿ ಕಂಪ್ಯೂಟರ್ ಜೋಡಿಸುವವರಿಗೆ ರೈಜೆನ್ 5 7600: ಒಂದು ವಿಮರ್ಶೆ

ಬಿಡಿಭಾಗಗಳನ್ನು ತಂದು ತಾವೇ ಡೆಸ್ಕ್‌ಟಾಪ್ ಜೋಡಿಸಲು ಹೊರಟವರು ಪ್ರೊಸೆಸರ್ ಆರಿಸುವಾಗ ಸಾಮಾನ್ಯವಾಗಿ ವೇಗದ ಅಂಕಿಅಂಶಗಳನ್ನಷ್ಟೇ ಹೋಲಿಸುತ್ತಾರೆ. ಅನುಭವವಿಲ್ಲದ ಕೈಗೆ ಆ ಭಾಗ ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದು ಆ ಅಂಕಿಗಳಲ್ಲಿ ಕಾಣುವುದಿಲ್ಲ. ಎಎಂಡಿ ಸಂಸ್ಥೆ 2023ರ ಜನವರಿಯಲ್ಲಿ ಹೊರತಂದ ರೈಜೆನ್ 5 7600 ಅನ್ನು ಬಿ650 ಚಿಪ್‌ಸೆಟ್‌ನ ಮದರ್‌ಬೋರ್ಡ್ ಮೇಲೆ ಕೂರಿಸಿ ಬಳಸಿದ ನನ್ನ ಅಭಿಪ್ರಾಯವೆಂದರೆ, ಇದು ಅತಿ ವೇಗದ ಪ್ರೊಸೆಸರ್ ಅಲ್ಲದಿದ್ದರೂ ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದದ್ದು ಸಿಗುವುದು ಕಷ್ಟ.

ಆರು ಕೋರ್ (ಲೆಕ್ಕ ಮಾಡುವ ಘಟಕಗಳು), ಹನ್ನೆರಡು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು), 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ), ಗರಿಷ್ಠ 5.1 ಗಿಗಾಹರ್ಟ್ಸ್ ವೇಗ, 65 ವ್ಯಾಟ್ ಟಿಡಿಪಿ (ಹೊರಹಾಕಬೇಕಾದ ಶಾಖದ ಅಳತೆ) ಇದರ ಮುಖ್ಯ ವಿವರಗಳು. ಕಚೇರಿ ಕೆಲಸ, ಪ್ರೋಗ್ರಾಮಿಂಗ್, ಛಾಯಾಚಿತ್ರಗಳ ತಿದ್ದುವಿಕೆ ಇವೆಲ್ಲವನ್ನೂ ಇದು ನಿರಾಯಾಸವಾಗಿ ಮಾಡುತ್ತದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಜೊತೆಗಿದ್ದರೆ ಆಟಗಳಿಗೂ ಸಾಕು. ಗಂಟೆಗಟ್ಟಲೆ ತ್ರೀಡಿ ರೆಂಡರಿಂಗ್ ಮಾಡುವವರಿಗೆ ಮಾತ್ರ ಆರು ಕೋರ್ ಸಾಲದು.

ಜೋಡಣೆಯ ವಿಷಯಕ್ಕೆ ಬಂದರೆ, ಹಳೆಯ ಎಎಂ4 ಸಾಕೆಟ್‌ನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕಾಲದಲ್ಲಿ ಪಿನ್‌ಗಳು ಪ್ರೊಸೆಸರ್‌ನ ಅಡಿಯಲ್ಲಿರುತ್ತಿದ್ದವು. ಪ್ರೊಸೆಸರ್ ಅನ್ನು ತಂಪಾಗಿಡುವ ಕೂಲರ್ ಬಿಚ್ಚುವಾಗ, ಎರಡರ ನಡುವೆ ಶಾಖ ದಾಟಿಸಲು ಹಚ್ಚಿ ಗಟ್ಟಿಯಾದ ಥರ್ಮಲ್ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತುಬಂದು, ಪಿನ್ ಬಾಗಿದ ಪ್ರಸಂಗಗಳು ಸಾಕಷ್ಟಿದ್ದವು. 7600 ಕೂರುವ, 2022ರಲ್ಲಿ ಬಂದ ಎಎಂ5 ಸಾಕೆಟ್‌ನಲ್ಲಿ ಪ್ರೊಸೆಸರ್‌ನ ಅಡಿ ಸಮತಟ್ಟಾಗಿದ್ದು, 1718 ಸೂಕ್ಷ್ಮ ಪಿನ್‌ಗಳು ಮದರ್‌ಬೋರ್ಡ್‌ಗೆ ಸ್ಥಳಾಂತರಗೊಂಡಿವೆ. ಮೇಲಿನಿಂದ ಲೋಹದ ಚೌಕಟ್ಟು ಪ್ರೊಸೆಸರ್ ಅನ್ನು ಬಿಗಿಯಾಗಿ ಹಿಡಿದಿರುತ್ತದೆ. ಇದರಿಂದ ಅಪಾಯ ಪೂರ್ತಿ ತಪ್ಪಿದೆ ಎಂದಲ್ಲ, ಅದು ಈಗ ಸಾಕೆಟ್‌ನಲ್ಲಿದೆ: ಆ ಪಿನ್‌ಗಳಿಗೆ ಬೆರಳು ತಾಗಿದರೆ ಬೋರ್ಡೇ ಕೆಡಬಹುದು. ಮೂಲೆಯ ಚಿಕ್ಕ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ, ಒತ್ತಡ ಹಾಕದೆ ಪ್ರೊಸೆಸರ್ ಅನ್ನು ಇಳಿಸಬೇಕು. ನಂತರ ಲಿವರ್ ಅದುಮುವಾಗ ಮಾತ್ರ ಸಾಕಷ್ಟು ಬಲ ಬೇಕಾಗುತ್ತದೆ. ಕಿರ್ರೆಂಬ ಸದ್ದು ಕೇಳಿ ಏನೋ ಮುರಿಯಿತೆಂದು ಹೊಸಬರ ಕೈ ತಡೆಯುವುದು ಇಲ್ಲಿಯೇ. ಅದು ಸಹಜವಾದ ಸದ್ದು. ಚೌಕಟ್ಟಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲೇ ಕೀಳುವ ಅಗತ್ಯವಿಲ್ಲ, ಲಿವರ್ ಕೆಳಗಿಳಿಯುತ್ತಿದ್ದಂತೆ ಅದು ತಾನಾಗಿಯೇ ಎದ್ದು ಬರುತ್ತದೆ. ಬೋರ್ಡ್ ಅನ್ನು ಮುಂದೆಂದಾದರೂ ವಾರಂಟಿಗೆ ಕಳುಹಿಸಬೇಕಾದರೆ ಸಾಕೆಟ್ ಮುಚ್ಚಲು ಅದೇ ಬೇಕಾಗುವುದರಿಂದ ಎಸೆಯದೆ ಎತ್ತಿಡುವುದು ಒಳ್ಳೆಯದು.

ಪೆಟ್ಟಿಗೆಯಲ್ಲಿಯೇ ವ್ರೇತ್ ಸ್ಟೆಲ್ತ್ ಎಂಬ ಕೂಲರ್ ಬರುತ್ತದೆ. ಅದರ ತಳಕ್ಕೆ ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿರುವುದರಿಂದ ಎಷ್ಟು ಹಚ್ಚಬೇಕು, ಹೇಗೆ ಹರಡಬೇಕು ಎಂಬ ಗೊಂದಲವೇ ಇಲ್ಲ. ಆದರೆ ಇದನ್ನು ಕೂರಿಸುವ ಮೊದಲು ಸಾಕೆಟ್‌ನ ಎರಡು ಬದಿಯ ಪ್ಲಾಸ್ಟಿಕ್ ಬ್ರಾಕೆಟ್‌ಗಳನ್ನು ಬಿಚ್ಚಬೇಕೆಂಬುದನ್ನು ಕೈಪಿಡಿ ಇನ್ನಷ್ಟು ದೊಡ್ಡದಾಗಿ ಹೇಳಬೇಕಿತ್ತು. ಎಎಂ4 ಬೋರ್ಡ್‌ಗಳಲ್ಲಿ ಹಾಗೆ ಬಿಚ್ಚಿದ ಕೂಡಲೇ ಹಿಂಬದಿಯ ಲೋಹದ ಫಲಕ ಕೆಳಗೆ ಬೀಳುತ್ತಿತ್ತು. ಎಎಂ5ರಲ್ಲಿ ಅದು ಸಾಕೆಟ್‌ಗೇ ಬಿಗಿದುಕೊಂಡಿರುತ್ತದೆ, ಇದು ಒಬ್ಬರೇ ಕುಳಿತು ಜೋಡಿಸುವವರಿಗೆ ದೊಡ್ಡ ಉಪಕಾರ. ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಒಂದೊಂದನ್ನೂ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಬಿಗಿಗೊಳಿಸಬೇಕು. ಕೂಲರ್‌ನ ಸಾಮರ್ಥ್ಯ ಸಾಧಾರಣ. ಪ್ರೊಸೆಸರ್ ಮೇಲೆ ಹೊರೆ ಬಿದ್ದಾಗ ಫ್ಯಾನ್ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಮೌನ ಬಯಸುವವರು ಮುಂದೆ ಬೇರೆ ಕೂಲರ್ ಹಾಕಿಕೊಳ್ಳಬಹುದು, ಮೊದಲ ದಿನವೇ ಆ ಖರ್ಚು ಬೇಕಿಲ್ಲ.

ಈ ಪ್ರೊಸೆಸರ್ ಜೊತೆ ಡಿಡಿಆರ್5 ರ‍್ಯಾಮ್ ಅಲ್ಲದೆ ಬೇರೆ ಯಾವುದೂ ಕೆಲಸ ಮಾಡುವುದಿಲ್ಲ. ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಅವನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಿಗೆ ಹಾಕಬೇಕು. ಖಾಲಿ ಜಾಗ ಕಂಡು ನಾಲ್ಕೂ ಸ್ಲಾಟ್ ತುಂಬುವ ಆಸೆ ಬರುವುದು ಸಹಜವಾದರೂ, ಎರಡು ಪಟ್ಟಿಗಳಿಗೆ ಅಧಿಕೃತವಾಗಿ 5200 ಎಂಟಿ/ಎಸ್ (ಸೆಕೆಂಡಿಗೆ ದಶಲಕ್ಷ ವರ್ಗಾವಣೆಗಳ ಲೆಕ್ಕ) ಇರುವ ವೇಗದ ಮಿತಿ ನಾಲ್ಕು ಪಟ್ಟಿಗಳಿಗೆ 3600ಕ್ಕೆ ಇಳಿಯುತ್ತದೆ.

ಈ ಪ್ರೊಸೆಸರ್ ಮತ್ತು ಬೋರ್ಡಿನ ಜೋಡಿಯ ಮೇಲೆ ನನ್ನ ನಿಜವಾದ ಆಕ್ಷೇಪವೊಂದಿದೆ, ಅದು ಮೊದಲ ಬಾರಿ ಸ್ವಿಚ್ ಒತ್ತಿದಾಗಿನ ಸ್ಥಿತಿಗೆ ಸಂಬಂಧಿಸಿದ್ದು. ಫ್ಯಾನ್‌ಗಳು ತಿರುಗುತ್ತವೆ, ದೀಪಗಳು ಬೆಳಗುತ್ತವೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಬೋರ್ಡಿನ ಅಂಚಿನಲ್ಲಿ ಡಿರ‍್ಯಾಮ್ ಎಂದು ಬರೆದ ಪುಟ್ಟ ದೀಪ ಉರಿಯುತ್ತಿರುತ್ತದೆ. ಹೊಸ ರ‍್ಯಾಮ್‌ನೊಂದಿಗೆ ಹೊಂದಿಕೊಳ್ಳಲು ಬೋರ್ಡ್ ನಡೆಸುವ ಮೆಮೊರಿ ಟ್ರೈನಿಂಗ್ ಎಂಬ ಪ್ರಕ್ರಿಯೆ ಇದು. ಕೆಲವು ನಿಮಿಷಗಳೇ ಹಿಡಿಯಬಹುದು. ತಿಳಿದವರು ಸುಮ್ಮನೆ ಕಾಯುತ್ತಾರೆ. ತಿಳಿಯದವರು ಗಾಬರಿಯಾಗಿ ವಿದ್ಯುತ್ ಕಡಿದು, ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸುತ್ತಾರೆ, ಟ್ರೈನಿಂಗ್ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಪೆಟ್ಟಿಗೆಯೊಳಗೆ ಒಂದು ಸಾಲಿನ ಚೀಟಿ ಇಟ್ಟಿದ್ದರೂ ಈ ಗಾಬರಿ ತಪ್ಪುತ್ತಿತ್ತು. ನಂತರದ ದಿನಗಳಲ್ಲಿಯೂ ಆರಂಭ ನಿಧಾನವೆನಿಸಿದರೆ ಬಯೋಸ್‌ನಲ್ಲಿರುವ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ತಂತ್ರಾಂಶ), ಹಿಂದಿನ ಟ್ರೈನಿಂಗ್ ಫಲಿತಾಂಶವನ್ನೇ ಮರುಬಳಸುವ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆಯ್ಕೆಯನ್ನು ಚಾಲನೆಗೊಳಿಸಬಹುದು.

ಇದೇ ಸರಣಿಯ 7600ಎಕ್ಸ್ ಕೊಂಚ ಹೆಚ್ಚು ವೇಗದ್ದು, ಆದರೆ ಅದರ ಪೆಟ್ಟಿಗೆಯಲ್ಲಿ ಕೂಲರ್ ಇಲ್ಲ, ಟಿಡಿಪಿ 105 ವ್ಯಾಟ್. ಅಗ್ಗದ 7500ಎಫ್ ಕಡೆಗೆ ಮನಸ್ಸು ಹೋಗುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. 7600ರ ಒಳಗಿನ ಗ್ರಾಫಿಕ್ಸ್ ಆಟಕ್ಕೆ ಸಾಲದಷ್ಟು ದುರ್ಬಲವಾದರೂ, ಪರದೆಯಲ್ಲಿ ಏನೂ ಮೂಡದಿದ್ದಾಗ ಗ್ರಾಫಿಕ್ಸ್ ಕಾರ್ಡ್ ತೆಗೆದು, ಮಾನಿಟರ್‌ನ ಕೇಬಲನ್ನು ನೇರವಾಗಿ ಮದರ್‌ಬೋರ್ಡ್‌ಗೆ ಚುಚ್ಚಿ, ದೋಷ ಕಾರ್ಡ್‌ನದೋ ಬೇರೆಯದೋ ಎಂದು ಪತ್ತೆಹಚ್ಚಲು ಅದು ನೆರವಾಗುತ್ತದೆ. ಮನೆಯಲ್ಲಿ ಇನ್ನೊಂದು ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ 7500ಎಫ್‌ನಲ್ಲಿ ಆ ದಾರಿಯೇ ಇರುವುದಿಲ್ಲ.