ಮನೇಲಿ ಬಿಪಿ ನೋಡೋ ಮಷೀನ್: ಆರು ತಿಂಗಳು ಬಳಸಿದ ಮೇಲೆ

ಅಪ್ಪಂಗೆ ಅಂತ ತೋಳಿಗೆ ಕಟ್ಟೋ ಡಿಜಿಟಲ್ ಬಿಪಿ ಮಷೀನ್ ತಗೊಂಡು ಆರು ತಿಂಗಳಾಯ್ತು. ಮಷೀನ್ ಚೆನ್ನಾಗೇ ಇದೆ, ಆದ್ರೆ ಜೊತೇಲಿ ಬರೋ ಪಟ್ಟಿ ಎಲ್ಲರ ತೋಳಿಗೂ ಆಗಲ್ಲ, ಇದನ್ನ ಮಾರೋವಾಗ ಯಾರೂ ಹೇಳಲಿಲ್ಲ ಅನ್ನೋದೇ ನನ್ನ ಬೇಜಾರು. ಮೊದಲ ವಾರ ದಿನಾ 152/96, 150/94 ಹೀಗೇ ಬರ್ತಿತ್ತು, ಅಮ್ಮ ಗಾಬರಿಯಾಗಿ ಉಪ್ಪಿನಕಾಯಿ ಜಾಡಿನೇ ಅಟ್ಟಕ್ಕೆ ಹಾಕಿಬಿಟ್ರು. ಆಮೇಲೆ ಬಟ್ಟೆ ಹೊಲಿಯೋ ಟೇಪಲ್ಲಿ ಅಳೆದ್ರೆ ಅಪ್ಪನ ತೋಳು 35 ಸೆಂ.ಮೀ., ಪಟ್ಟಿ ಅಂಚಲ್ಲಿ ಸಣ್ಣಕ್ಷರದಲ್ಲಿ 22-32 ಅಂತಿದೆ. ಪಟ್ಟಿ ಚಿಕ್ಕದಾದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ. ಬೇರೆ ದುಡ್ಡು ಕೊಟ್ಟು ದೊಡ್ಡ ಪಟ್ಟಿ ತರಿಸಿದ್ಮೇಲೆ 138/86ರ ಆಸುಪಾಸಿಗೆ ಇಳೀತು.

ಎಲ್ಲರೂ ಮೇಲಿನ ನಂಬರ್ ನೋಡಿ ಮಷೀನ್ ಮುಚ್ಚಿಡ್ತಾರೆ, ನಾನು ಕೆಳಗಿಂದನ್ನೂ ಬರೆದಿಡೋಕೆ ಶುರು ಮಾಡ್ದೆ. ಅದು ಹೃದಯ ಸಡಿಲಾಗಿ ರಕ್ತ ತುಂಬಿಸ್ಕೊಳ್ಳೋ ಹೊತ್ತಿನ ಒತ್ತಡ, ಡಯಾಸ್ಟೋಲಿಕ್ ಅಂತಾರಲ್ಲ ಅದು. ನಿಮಿಷಕ್ಕೆ 72 ಬಡಿತ ಇದ್ರೆ ಒಂದೊಂದಕ್ಕೂ ಸಿಗೋದು 0.8 ಸೆಕೆಂಡು, ಅದ್ರಲ್ಲಿ ಸುಮಾರು 0.5 ಈ ವಿಶ್ರಾಂತಿಗೇ ಹೋಗತ್ತೆ, ಹೃದಯದ ಸ್ವಂತ ಸ್ನಾಯುಗೆ ರಕ್ತ ಹೆಚ್ಚಾಗಿ ಹರಿಯೋದೂ ಆಗಲೇ.

ಹಿಂದೆ ಡಾಕ್ಟರುಗಳು ಈ ನಂಬರ್‌ಗೇ ಜಾಸ್ತಿ ತೂಕ ಕೊಡ್ತಿದ್ರು. 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ ಕೆಳಗಿಂದು 115ರಿಂದ 129 ಇದ್ದವರಿಗೆ ಮಾತ್ರೆ ಕೊಟ್ರೆ ದೊಡ್ಡ ಅಪಾಯ ತಪ್ಪತ್ತೆ ಅಂತ ತೋರಿಸ್ತು. ಆಮೇಲೆ 1948ರಿಂದ ನಡೀತಿರೋ ಫ್ರೇಮಿಂಗ್‌ಹ್ಯಾಮ್ ಅನ್ನೋ ಅಮೆರಿಕದ ಊರಿನ ಜನರ ಹೃದಯದ ಅಧ್ಯಯನದಲ್ಲಿ ಗೊತ್ತಾಗಿದ್ದು, ವಯಸ್ಸಾಗ್ತಾ ರಕ್ತನಾಳ ಬಿಗಿಯಾಗಿ ಮೇಲಿಂದು ಏರತ್ತೆ, ಕೆಳಗಿಂದು ಇಳಿಯತ್ತೆ. ನಮ್ಮಜ್ಜಿಗೆ 158/68 ಬಂದಾಗ ಕೆಳಗಿಂದು ಚೆನ್ನಾಗಿದೆ ಬಿಡಿ ಅಂತ ಮನೇವ್ರೆಲ್ಲ ಸುಮ್ಮನಾಗಿದ್ರು, ನಾನೇ ಹಟ ಹಿಡಿದು ಡಾಕ್ಟರ್ ಹತ್ರ ಕರ್ಕೊಂಡು ಹೋದೆ, ನೋಟ್‌ಬುಕ್ ನೋಡಿ ಮಾತ್ರೆ ಬರೆದುಕೊಟ್ರು.

ಇನ್ನೊಂದು ವಿಷಯ, ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳ್ತಾರೆ, ಈ ಮಷೀನ್ ಪಟ್ಟಿಯೊಳಗಿನ ಗಾಳಿ ನಡುಗೋದನ್ನ ಹಿಡಿದು ಲೆಕ್ಕ ಹಾಕತ್ತೆ, ಹಾಗಾಗಿ ತೋಳು ಅಲ್ಲಾಡಿಸಬಾರದು ಮಾತೂ ಆಡಬಾರದು. ಅಪ್ಪ ಈಗ ಕಾಫಿಗೆ ಮುಂಚೆ 5 ನಿಮಿಷ ಗೋಡೆಗೆ ಒರಗಿಸಿದ ಕುರ್ಚೀಲಿ ಕಾಲು ನೆಲಕ್ಕೂರಿ ಸುಮ್ಮನೆ ಕೂತಿರ್ತಾರೆ, ಆಮೇಲೆ ಒಂದು ನಿಮಿಷ ಬಿಟ್ಟು ಎರಡು ಸಲ ನೋಡ್ತೀವಿ. ಬ್ಯಾಟರಿ ಇಷ್ಟು ದಿನಕ್ಕೆ ಒಂದೇ ಸಲ ಬದಲಾಯಿಸಿದ್ದು. ತಗೊಳ್ಳೋರು ಅಂಗಡಿಗೆ ಹೋಗೋ ಮುಂಚೆ ತೋಳಿನ ಅಳತೆ ತಗೊಂಡು ಹೋಗಿ.