ಚಿಕ್ಲಿಹೊಳೆಯೋ, ಮಾಂದಲಪಟ್ಟಿಯೋ?

ಗ್ರಾವೆಲ್ ಸೈಕಲ್ಲಿನೊಡನೆ (ಜಲ್ಲಿ, ಮಣ್ಣಿನ ದಾರಿಗೂ ಒಗ್ಗುವ, ಅಗಲ ಟೈರಿನ ಸೈಕಲ್), ವಾಹನಗಳ ಗದ್ದಲವಿಲ್ಲದ ಕಚ್ಚಾ ರಸ್ತೆಗಳನ್ನು ಹುಡುಕಿಕೊಂಡು ಕೊಡಗಿಗೆ ಬರುವವರು ಹೆಚ್ಚಾಗಿ ಮೊದಲು ವಿಚಾರಿಸುವುದು ಮಾಂದಲಪಟ್ಟಿಯನ್ನು. ಸುಮಾರು 1,600 ಮೀಟರ್ ಎತ್ತರದ ಆ ಹುಲ್ಲುಬೆಟ್ಟದ ನೋಟ ಸೊಗಸಾದುದೇ. ಆದರೆ ಪ್ರವಾಸಿಗರನ್ನು ಹೊತ್ತ ಜೀಪುಗಳು ಬೆಳಿಗ್ಗೆಯೇ ಸಾಲುಗಟ್ಟುವುದರಿಂದ, ಕಡಿದಾದ ಏರಿನಲ್ಲಿ ಏದುಸಿರು ಬಿಡುತ್ತಿರುವಾಗಲೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಗುತ್ತದೆ. ಚಿಕ್ಲಿಹೊಳೆ ಜಲಾಶಯದ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಕಾಫಿ ತೋಟಗಳ ನಡುವೆ ಟೈರಿನಡಿಯ ಜಲ್ಲಿಯ ಕರಕರ ಸದ್ದಷ್ಟೇ ಜೊತೆಗಿರುತ್ತದೆ. ಇಲ್ಲಿನ ಭಯ ಆನೆಯದು: ದಾರಿಯಲ್ಲಿ ಹಬೆಯಾಡುವ ಲದ್ದಿ ಕಂಡರೆ ಹಿಂತಿರುಗುವುದೇ ಲೇಸು, ಮುಸ್ಸಂಜೆಯ ಸವಾರಿಯಂತೂ ಬೇಡ. ತೋಟದೊಳಗಿನ ದಾರಿಗೆ ಮಾಲೀಕರ ಒಪ್ಪಿಗೆಯೂ ಬೇಕು. ಇಷ್ಟಾದರೂ ಮೊದಲ ಸಲ ಬರುವವರಿಗೆ ನಾನು ಚಿಕ್ಲಿಹೊಳೆಯನ್ನೇ ಸೂಚಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ, ಜಿಗಣೆ ಮತ್ತು ಕೆಸರಿನ ಕಾಟದಿಂದಾಗಿ, ಎರಡೂ ಬೇಡ.